ಸಿದ್ಧ ದೋಸೆ ಹಿಟ್ಟಿನ ಉದ್ಯಮ: ರುಚಿ ಕೆಟ್ಟಾಗ ತಪ್ಪನ್ನು ಹುಡುಕುವುದೆಲ್ಲಿ?

ಮನೆಯಲ್ಲಿ ನೆನೆಹಾಕಿ ರುಬ್ಬಿ ಹುದುಗು ಬರಿಸುತ್ತಿದ್ದ ಇಡ್ಲಿ-ದೋಸೆಯ ಹಿಟ್ಟು ಇಂದು ಪ್ಯಾಕೆಟ್ಟಿನಲ್ಲಿ ಮಾರಾಟವಾಗುವ ಸರಕಾಗಿದೆ. ಶಿಕಾರಿಪುರ, ಸೊರಬದಂತಹ ತಾಲ್ಲೂಕು ಕೇಂದ್ರಗಳಲ್ಲಿ ಒಂದೆರಡು ಗ್ರೈಂಡರ್, ಒಂದು ಫ್ರಿಜ್ ಹಾಗೂ ಇಬ್ಬರು ಮೂವರು ಕೆಲಸಗಾರರಿದ್ದರೆ ಆರಂಭಿಸಬಹುದಾದ ಉದ್ಯಮವಿದು. ಬೆಂಗಳೂರಿನ ತಿಪ್ಪಸಂದ್ರದಲ್ಲಿ 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು ಪುಟ್ಟದೊಂದು ಕೋಣೆಯಲ್ಲಿ ಆರಂಭಿಸಿದ ಹಿಟ್ಟಿನ ವ್ಯಾಪಾರವು ಐಡಿ ಫ್ರೆಶ್ ಫುಡ್ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆದಿರುವುದನ್ನು ವಾಚಕರು ಬಲ್ಲರು. ಅಕ್ಕಿಯ ಗಿರಣಿಗಳೂ ಭತ್ತದ ಗದ್ದೆಗಳೂ ಇರುವ ನಮ್ಮ ಭಾಗಕ್ಕೆ ಇದು ಒಗ್ಗುವ ಉದ್ಯಮವೇ ಸರಿ.

ಆದರೆ ಬಂಡವಾಳ ಅಲ್ಪವಾಗಿದ್ದರೂ ಸರಕು ಸಾಮಾನ್ಯವಾದುದಲ್ಲ. ಬೆಲ್ಲ, ಸಕ್ಕರೆಗಳು ಗೋದಾಮಿನಲ್ಲಿ ಇದ್ದಂತೆಯೇ ಇರುತ್ತವೆ. ದೋಸೆ ಹಿಟ್ಟು ಹಾಗಲ್ಲ. ಅದು ಜೀವಂತ ಸರಕು. ಘಟಕದಿಂದ ಹೊರಟಾಗ ಒಂದು ರುಚಿ, ಅಂಗಡಿಗೆ ತಲುಪಿದಾಗ ಇನ್ನೊಂದು, ಗ್ರಾಹಕರ ಮನೆಯಲ್ಲಿ ಮತ್ತೊಂದು. ಲೆಕ್ಕ ಪರಿಶೋಧಕನ ಕಣ್ಣಿಗೆ ಈ ಬದಲಾವಣೆಯು ‘ಮಾರಾಟ ವಾಪಸಾತಿ’ ಎಂಬ ಒಂದೇ ಸಾಲಿನಲ್ಲಿ ಕಾಣಿಸುತ್ತದೆ. ಆ ಸಾಲಿನ ಹಿಂದಿರುವ ಕಾರಣಗಳನ್ನು ಬೇರ್ಪಡಿಸಿ ನೋಡುವ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಶೇಕಡಾ 8 ಎಂದರೆ ಎಷ್ಟು?

ಲೆಕ್ಕಕ್ಕೆ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಘಟಕವೊಂದು ದಿನಕ್ಕೆ 100 ಕಿಲೋ ಹಿಟ್ಟನ್ನು ಕಿಲೋಗೆ 60 ರೂಪಾಯಿಯಂತೆ ಅಂಗಡಿಗಳಿಗೆ ಕೊಡುತ್ತದೆ. ಅಕ್ಕಿ, ಬೇಳೆ, ವಿದ್ಯುತ್, ಪ್ಯಾಕಿಂಗ್, ಕೂಲಿ, ಸಾಗಾಣಿಕೆ ಎಲ್ಲವೂ ಸೇರಿ ಕಿಲೋಗೆ 52 ರೂಪಾಯಿ ವೆಚ್ಚ. ತೆರಿಗೆಯನ್ನು ಬದಿಗಿಟ್ಟರೆ ದಿನದ ಲಾಭ 800 ರೂಪಾಯಿ. ಈಗ 8 ಕಿಲೋ ಹಿಟ್ಟು ಹುಳಿಯಾಯಿತೆಂದೋ ಪ್ಯಾಕೆಟ್ ಉಬ್ಬಿತೆಂದೋ ಮರಳಿ ಬಂದಿತೆನ್ನೋಣ. ಅಂಗಡಿಯವರಿಗೆ 480 ರೂಪಾಯಿ ಜಮಾ ಕೊಡಬೇಕು, ವೆಚ್ಚವಾದರೋ ಆಗಿಹೋಗಿದೆ. ಉಳಿಯುವ ಲಾಭ 320 ರೂಪಾಯಿ ಮಾತ್ರ. ವಾಪಸಾತಿಯು ಮಾರಾಟದ ಶೇಕಡಾ 8 ಎಂದು ಕೇಳಿದಾಗ ಅಲ್ಪವೆನಿಸುತ್ತದೆ. ಲಾಭದಲ್ಲಿ ಅದು ಶೇಕಡಾ 60ರಷ್ಟನ್ನು ನುಂಗಿರುತ್ತದೆ. ಅದೇ ವಾಪಸಾತಿಯನ್ನು 3 ಕಿಲೋಗೆ ಇಳಿಸಿದರೆ ಲಾಭ 620 ರೂಪಾಯಿ ಆಗುತ್ತದೆ. ಹೊಸ ಅಂಗಡಿಯನ್ನು ಹುಡುಕದೆ, ಬೆಲೆಯನ್ನೂ ಏರಿಸದೆ ಲಾಭವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುವ ಅವಕಾಶ ಇಲ್ಲಿದೆ.

ಬಿಯರ್ ತಯಾರಕರಿಂದ ಕಲಿಯಬೇಕಾದುದು

ಹುದುಗುವಿಕೆಯ ದೋಷಗಳನ್ನು ಕ್ರಮಬದ್ಧವಾಗಿ ಹುಡುಕುವ ವಿದ್ಯೆಯನ್ನು ಬೆಳೆಸಿದವರಲ್ಲಿ ಮದ್ಯ ಮತ್ತು ಬಿಯರ್ ತಯಾರಕರು ಮುಖ್ಯರು. ಫ್ರಾನ್ಸಿನ ಲೀಲ್ ನಗರದಲ್ಲಿ 1856ರಲ್ಲಿ ಬೀಟ್‌ರೂಟಿನಿಂದ ಮದ್ಯಸಾರ ತಯಾರಿಸುತ್ತಿದ್ದ ಉದ್ಯಮಿಯೊಬ್ಬರು ತಮ್ಮ ತೊಟ್ಟಿಗಳು ಹುಳಿಯಾಗುತ್ತಿರುವ ಕಾರಣವನ್ನು ತಿಳಿಯಲು ಲೂಯಿ ಪಾಶ್ಚರ್ ಅವರ ಬಳಿಗೆ ಹೋದರು. ಪಾಶ್ಚರ್ ಅವರು ಒಳ್ಳೆಯ ತೊಟ್ಟಿಯ ದ್ರವವನ್ನೂ ಕೆಟ್ಟ ತೊಟ್ಟಿಯ ದ್ರವವನ್ನೂ ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಒಳ್ಳೆಯದರಲ್ಲಿ ದುಂಡಗಿನ ಯೀಸ್ಟ್ ಕಣಗಳೂ ಕೆಟ್ಟದ್ದರಲ್ಲಿ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳೂ ಕಂಡವು. 1876ರಲ್ಲಿ ಅವರು ಬಿಯರಿನ ಬಗ್ಗೆಯೇ ಒಂದು ಗ್ರಂಥವನ್ನು ಪ್ರಕಟಿಸಿದರು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಅವರು 1883ರಲ್ಲಿ ಶುದ್ಧ ಯೀಸ್ಟನ್ನು ಪ್ರತ್ಯೇಕಿಸಿ, ಬಿಯರಿನ ಕೆಟ್ಟ ರುಚಿಗೆ ಹೊರಗಿನಿಂದ ಸೇರಿಕೊಂಡ ಕಾಡು ಯೀಸ್ಟ್ ಕಾರಣವೆಂದು ತೋರಿಸಿದರು.

ಅಂದಿನಿಂದ ಬೆಳೆದುಬಂದ ಪದ್ಧತಿಯಲ್ಲಿ ಪ್ರತಿಯೊಂದು ಕೆಟ್ಟ ರುಚಿಗೂ ಒಂದು ಹೆಸರಿದೆ. ಪ್ರತಿಯೊಂದು ಹೆಸರೂ ತಯಾರಿಕೆಯ ಒಂದು ಹಂತವನ್ನು ಬೆರಳಿಟ್ಟು ತೋರಿಸುತ್ತದೆ. ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್. ಹುದುಗುವಿಕೆ ಪೂರ್ಣವಾಗುವ ಮೊದಲೇ ತಂಪು ಮಾಡಿರಬಹುದು, ಇಲ್ಲವೆ ಬ್ಯಾಕ್ಟೀರಿಯಾ ಸೇರಿರಬಹುದು. ಹಸಿ ಸೇಬಿನ ವಾಸನೆ ಅಸಿಟಾಲ್ಡಿಹೈಡ್‌ನದು. ಬಿಯರ್ ಇನ್ನೂ ಎಳಸಾಗಿದೆ. ಬೇಯಿಸಿದ ಜೋಳದ ವಾಸನೆ ಬಂದರೆ ಕುದಿಸಿದ್ದು ಸಾಲದು. ವಿನಿಗರ್ ವಾಸನೆ ಬಂದರೆ ಗಾಳಿಯೂ ಅಸಿಟಿಕ್ ಬ್ಯಾಕ್ಟೀರಿಯಾವೂ ಒಳಸೇರಿವೆ. ನಮ್ಮ ರಾಜ್ಯದಲ್ಲಿ 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದುದರಿಂದ ಮನೆಯಲ್ಲಿ ಬಿಯರ್ ಮಾಡುವ ಮಾತು ನಮಗೆ ಸಲ್ಲದು. ಆದರೆ ‘ದೋಷಕ್ಕೆ ಹೆಸರಿಡು, ಹೆಸರಿನಿಂದ ಹಂತವನ್ನು ಹುಡುಕು’ ಎಂಬ ಅವರ ಪದ್ಧತಿಗೆ ಯಾವ ಪರವಾನಗಿಯೂ ಬೇಕಿಲ್ಲ. ದೋಸೆ ಹಿಟ್ಟಿಗೆ ಅದು ಯಥಾವತ್ತಾಗಿ ಅನ್ವಯಿಸುತ್ತದೆ.

ಹಿಟ್ಟಿನೊಳಗೆ ನಡೆಯುವುದೇನು?

ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಉಲ್ಲೇಖವಿದೆ. ಚಾಲುಕ್ಯರ ಕಾಲದ, ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ವು ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವನ್ನು ಹೇಳುತ್ತದೆ. ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯನವರು ಗುರುತಿಸಿರುವಂತೆ ಈ ಹಳೆಯ ವಿವರಣೆಗಳಲ್ಲಿ ಅಕ್ಕಿಯೂ ಇಲ್ಲ, ದೀರ್ಘ ಹುದುಗುವಿಕೆಯೂ ಇಲ್ಲ. ಅವೆರಡೂ ಅನಂತರ ಬಂದವು. ಇಂದಿನ ಉದ್ಯಮಿಯ ತಲೆನೋವೆಲ್ಲವೂ ಆ ಎರಡನೆಯದರಲ್ಲಿ ಅಡಗಿದೆ.

ಬಿಯರ್ ತಯಾರಕರು ಯೀಸ್ಟನ್ನು ಹೊರಗಿನಿಂದ ಹಾಕುತ್ತಾರೆ. ನಾವು ಏನನ್ನೂ ಹಾಕುವುದಿಲ್ಲ. ಉದ್ದಿನ ಬೇಳೆ ಮತ್ತು ಅಕ್ಕಿಯ ಮೇಲೆ ಸಹಜವಾಗಿ ಇರುವ ಸೂಕ್ಷ್ಮಜೀವಿಗಳೇ ಕೆಲಸ ಮಾಡುತ್ತವೆ. ಅವುಗಳಲ್ಲಿ ಪ್ರಮುಖವಾದುದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಇದು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ಬಳಸಿ ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉತ್ಪತ್ತಿ ಮಾಡುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಉದ್ದಿನಲ್ಲಿರುವ ಲೋಳೆಯ ಅಂಶವು ಅನಿಲದ ಗುಳ್ಳೆಗಳನ್ನು ಹಿಡಿದಿಡುತ್ತದೆ. ಹುಳಿ ಹೆಚ್ಚಿದಂತೆ ಅದನ್ನು ತಾಳಿಕೊಳ್ಳುವ ಇತರ ಬ್ಯಾಕ್ಟೀರಿಯಾಗಳೂ ಯೀಸ್ಟ್‌ಗಳೂ ಮುಂದಾಗುತ್ತವೆ. ರುಬ್ಬಿದಾಗ ಸುಮಾರು 6ರಷ್ಟಿರುವ ಪಿ.ಎಚ್. ಮಟ್ಟವು ಹುದುಗು ಬಂದ ಹಿಟ್ಟಿನಲ್ಲಿ 4.5ರ ಆಸುಪಾಸಿಗೆ ಇಳಿಯುತ್ತದೆ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇದಕ್ಕೆ ಒಂದು ರಾತ್ರಿ ಸಾಕು. ಉಷ್ಣಾಂಶ ಏರಿದರೆ ವೇಗವೂ ಏರುತ್ತದೆ. ಫ್ರಿಜ್ಜಿನಲ್ಲಿ 4 ಡಿಗ್ರಿಗೆ ಇಟ್ಟರೆ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಈ ಕೊನೆಯ ಮಾತನ್ನು ಉದ್ಯಮಿಗಳು ಸದಾ ನೆನಪಿನಲ್ಲಿಡಬೇಕು.

ದೋಷಗಳೂ ಕಾರಣಗಳೂ

1. ಅತಿ ಹುಳಿ: ಅತಿಯಾದ ಉಷ್ಣ ಅಥವಾ ಅತಿಯಾದ ಸಮಯ ಇದರ ಮೂಲ. ಏಪ್ರಿಲ್ ತಿಂಗಳಲ್ಲಿ ಡಿಸೆಂಬರಿನ ವೇಳಾಪಟ್ಟಿಯನ್ನೇ ಅನುಸರಿಸಿದರೆ ಬೆಳಗಿನ ಹೊತ್ತಿಗೆ ಹಿಟ್ಟು ಕೈಮೀರಿರುತ್ತದೆ. ಬೇಸಿಗೆಯಲ್ಲಿ ತಣ್ಣೀರಿನಿಂದ ರುಬ್ಬಬೇಕು. ಗ್ರೈಂಡರಿನ ಬಿಸಿಯೂ ಹಿಟ್ಟಿಗೆ ಸೇರುತ್ತದೆಂಬುದನ್ನು ಗಮನಿಸಬೇಕು. ಇನ್ನೊಂದು ಕಾರಣ ದೊಡ್ಡ ಪಾತ್ರೆ. ಗುಳ್ಳೆಗಳಿಂದ ತುಂಬಿದ ಹಿಟ್ಟಿನಲ್ಲಿ ಶಾಖ ಸುಲಭವಾಗಿ ಹಾಯುವುದಿಲ್ಲ. ದೊಡ್ಡ ಡ್ರಮ್ಮನ್ನು ಹಾಗೆಯೇ ಶೀತಕೋಣೆಗೆ ಸೇರಿಸಿದರೆ ಅಂಚು ತಂಪಾದರೂ ನಡುಭಾಗವು ಗಂಟೆಗಟ್ಟಲೆ ಬೆಚ್ಚಗೇ ಇದ್ದು ಹುಳಿಯುತ್ತಿರುತ್ತದೆ. ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿ ತಂಪು ಮಾಡುವುದು ಪರಿಹಾರ.

2. ಉಬ್ಬದ ಹಿಟ್ಟು, ಹಸಿ ವಾಸನೆ: ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಮಲೆನಾಡಿನ ಅಂಚಿನ ನಮ್ಮ ಊರುಗಳಲ್ಲಿ ಈ ದೂರು ಸಾಮಾನ್ಯ. ಕೋಣೆ ತಣ್ಣಗಿರುವುದು ಮೊದಲ ಕಾರಣ. ಉಗುರುಬೆಚ್ಚಗಿನ ನೀರಿನಿಂದ ರುಬ್ಬಿ, ಪಾತ್ರೆಗಳನ್ನು ಶಾಖ ಹೊರಹೋಗದ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬಹುದು. ಹಳೆಯ ದಾಸ್ತಾನಿನ ಉದ್ದು, ಕ್ಲೋರಿನ್ ಹೆಚ್ಚಾಗಿರುವ ನೀರು, ಆರಂಭದಲ್ಲಿಯೇ ಹಾಕಿದ ಅತಿ ಉಪ್ಪು, ಇವು ಇತರ ಕಾರಣಗಳು. ಕೋಣೆ ಬೆಚ್ಚಗಿದ್ದೂ ಹಿಟ್ಟು ಉಬ್ಬದಿದ್ದರೆ ಬೇಳೆಯ ಬಿಲ್ಲನ್ನು ತೆಗೆದು ನೋಡಬೇಕು. ಹುಳಿ ಬಂದಿದ್ದು ಉಬ್ಬು ಮಾತ್ರ ಇಲ್ಲದಿದ್ದರೆ ಅನಿಲವನ್ನು ಹಿಡಿದಿಡುವ ಉದ್ದಿನ ಪ್ರಮಾಣವೋ ಗುಣವೋ ಸಾಲದೆಂದು ತಿಳಿಯಬಹುದು.

3. ಪ್ಯಾಕೆಟ್ ಉಬ್ಬುವುದು: ಹುದುಗುವಿಕೆಯ ಭರದಲ್ಲಿರುವಾಗಲೇ, ತಂಪಾಗುವ ಮೊದಲೇ ತುಂಬಿಸಿದರೆ ಅನಿಲವು ಪ್ಯಾಕೆಟ್ಟಿನೊಳಗೆ ಸೇರುತ್ತದೆ. ಸಾಗಾಣಿಕೆಯಲ್ಲಿ ಅಥವಾ ಅಂಗಡಿಯಲ್ಲಿ ತಂಪು ತಪ್ಪಿದರೂ ಹೀಗೆಯೇ ಆಗುತ್ತದೆ. ಉಬ್ಬಿದ ಪ್ಯಾಕೆಟ್ಟನ್ನು ಬಿಡಿಸಿ ವಾಸನೆ ನೋಡಬೇಕು. ಸಹಜ ಹುಳಿ ವಾಸನೆಯಿದ್ದರೆ ಸಮಯ ಮತ್ತು ತಂಪಿನ ದೋಷ. ಹೆಂಡದಂತೆ ಅಥವಾ ಕಳಿತ ಹಣ್ಣಿನಂತೆ ವಾಸನೆ ಬಂದರೆ ಯೀಸ್ಟ್ ಮೇಲುಗೈ ಪಡೆದಿದೆ. ಪಾತ್ರೆ, ಸೌಟು, ತುಂಬುವ ಯಂತ್ರದ ಕೊಳವೆಗಳ ಸ್ವಚ್ಛತೆಯನ್ನು ಪರೀಕ್ಷಿಸಬೇಕು.

4. ಎಳೆಎಳೆಯಾದ ಅಂಟು: ಉದ್ದಿನ ಸಹಜ ಲೋಳೆ ಬೇರೆ, ಇದು ಬೇರೆ. ಬೇಗ ಹುದುಗಲೆಂದು ಹಿಟ್ಟಿಗೆ ಸಕ್ಕರೆ ಬೆರೆಸುವ ಅಭ್ಯಾಸ ಕೆಲವರಲ್ಲಿದೆ. ಮೇಲೆ ಹೇಳಿದ ಲ್ಯೂಕೊನೊಸ್ಟಾಕ್ ಸಕ್ಕರೆಯಿಂದ ಡೆಕ್ಸ್ಟ್ರಾನ್ ಎಂಬ ಅಂಟು ವಸ್ತುವನ್ನು ತಯಾರಿಸುತ್ತದೆ. ಸಕ್ಕರೆಯನ್ನು ನಿಲ್ಲಿಸಿ ನೋಡುವುದು ಮೊದಲ ಪರೀಕ್ಷೆ.

5. ಮುಗ್ಗಲು ಮತ್ತು ಕಹಿ: ಮುಗ್ಗಲು ವಾಸನೆ ಹುದುಗುವಿಕೆಯಿಂದ ಹುಟ್ಟಿದ್ದಲ್ಲ, ಒದ್ದೆಯಾಗಿ ದಾಸ್ತಾನಾದ ಅಕ್ಕಿ ಅಥವಾ ಬೇಳೆಯೊಡನೆ ಬಂದದ್ದು. ಎಷ್ಟು ತೊಳೆದರೂ ಹೋಗದು. ಅಂತಹ ಚೀಲವನ್ನು ಬಳಸದೆ ಮರಳಿಸುವುದೇ ಲೇಸು. ಕಹಿಯು ಮೆಂತ್ಯ ಹೆಚ್ಚಾದುದರಿಂದ ಬರಬಹುದು. ಅಡುಗೆ ಸೋಡಾ ಹೆಚ್ಚಾದರೆ ಸಾಬೂನಿನಂತಹ ರುಚಿಯೊಂದಿಗೆ ಬರಬಹುದು. ಹುಳಿಯನ್ನು ಮರೆಮಾಚಲು ಸೋಡಾ ಹಾಕುವವರು ಒಂದು ವಿಷಯವನ್ನು ತಿಳಿಯಬೇಕು: ಹಿಟ್ಟನ್ನು ಕೆಡದಂತೆ ಕಾಯುತ್ತಿರುವುದೇ ಆ ಹುಳಿ. ಸೋಡಾ ಅದನ್ನು ಕುಂದಿಸಿ ಇತರ ಸೂಕ್ಷ್ಮಜೀವಿಗಳಿಗೆ ದಾರಿ ಮಾಡಿಕೊಡುತ್ತದೆ.

6. ದುರ್ವಾಸನೆ, ಬಣ್ಣದ ಚುಕ್ಕೆ, ಬೂಷ್ಟು: ಇಲ್ಲಿ ಚರ್ಚೆಗೆ ಅವಕಾಶವಿಲ್ಲ. ಕೊಳೆತ ವಾಸನೆಯಿರುವ ಅಥವಾ ಮೇಲೆ ಗುಲಾಬಿ, ಹಸಿರು, ಕಪ್ಪು ಚುಕ್ಕೆಗಳು ಕಂಡ ಹಿಟ್ಟನ್ನು ಮೇಲುಪದರ ತೆಗೆದು ಮಾರುವಂತಿಲ್ಲ, ಪೂರ್ತಿಯಾಗಿ ನಾಶಪಡಿಸಬೇಕು. ನೀರಿನ ಮೂಲ, ಗ್ರೈಂಡರಿನ ಸಂದುಗಳಲ್ಲಿ ಉಳಿದ ಹಳೆಯ ಹಿಟ್ಟು, ಕೆಲಸಗಾರರ ಕೈ ಸ್ವಚ್ಛತೆ, ಇವುಗಳನ್ನು ಅಂದೇ ಪರಿಶೀಲಿಸಬೇಕು.

ಮರಳಿ ಬಂದ ಹಿಟ್ಟನ್ನು ಮರುದಿನದ ಹಿಟ್ಟಿಗೆ ಬೆರೆಸುವ ದುರಭ್ಯಾಸದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ನಷ್ಟ ಉಳಿಯಿತೆಂಬ ಭ್ರಮೆಯಿಂದ ಇದನ್ನು ಮಾಡುತ್ತಾರೆ. ಹಾಗೆ ಮಾಡಿದರೆ ಒಂದು ದಿನದ ದೋಷವು ಪ್ರತಿದಿನದ ದೋಷವಾಗುತ್ತದೆ. ತಯಾರಿಕೆಯ ದಿನಾಂಕ ಸುಳ್ಳಾಗುತ್ತದೆ; ದಾಸ್ತಾನು ಪುಸ್ತಕವೂ ಸುಳ್ಳಾಗುತ್ತದೆ. ಆಮೇಲೆ ಯಾವ ತಜ್ಞರೂ ಕಾರಣವನ್ನು ಹುಡುಕಿಕೊಡಲಾರರು.

ಬ್ಯಾಚ್ ಸಂಖ್ಯೆ ಯಾರಿಗಾಗಿ?

ಪ್ಯಾಕೆಟ್ಟಿನ ಮೇಲೆ ಬ್ಯಾಚ್ ಸಂಖ್ಯೆಯನ್ನೂ ದಿನಾಂಕಗಳನ್ನೂ ಮುದ್ರಿಸುವುದು ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಕಡ್ಡಾಯ. ಬಹುಮಂದಿ ಇದನ್ನು ಅಧಿಕಾರಿಗಳಿಗಾಗಿ ಹಾಕುವ ಮೊಹರೆಂದು ಭಾವಿಸಿ, ಏನೋ ಒಂದು ಸಂಖ್ಯೆಯನ್ನು ಒತ್ತಿಬಿಡುತ್ತಾರೆ. ವಾಸ್ತವದಲ್ಲಿ ಅದು ಉದ್ಯಮಿಯ ಕೈಯಲ್ಲಿರುವ ಅತ್ಯಂತ ಅಗ್ಗದ ಪರೀಕ್ಷಾ ಸಾಧನ. ಒಂದು ಸಲಕ್ಕೆ ರುಬ್ಬಿದ ಹಿಟ್ಟಿಗೆ ಒಂದು ಸಂಖ್ಯೆ. ಆ ಸಂಖ್ಯೆಗೆ ಪುಸ್ತಕದಲ್ಲಿ ಒಂದು ಸಾಲು. ಆ ಸಾಲಿನಲ್ಲಿ ಇರಬೇಕಾದುವು:

ಅಕ್ಕಿ ಮತ್ತು ಬೇಳೆಯ ಖರೀದಿ ಬಿಲ್ಲಿನ ಸಂಖ್ಯೆ, ಅಳತೆ, ನೆನೆಸಿದ ಮತ್ತು ರುಬ್ಬಿದ ವೇಳೆ, ಕೋಣೆಯ ಉಷ್ಣಾಂಶ, ಸಂಜೆ ಮತ್ತು ಬೆಳಿಗ್ಗೆ, ಉಪ್ಪು ಹಾಕಿದ ವೇಳೆ, ಉಬ್ಬಿದ ಎತ್ತರ, ಪಿ.ಎಚ್.; ತಂಪಿಗೆ ಸೇರಿಸಿದ ವೇಳೆ; ವಿದ್ಯುತ್ ನಿಲುಗಡೆ ಆಗಿದ್ದರೆ ಅದರ ಅವಧಿ; ಯಾವ ಅಂಗಡಿಗಳಿಗೆ ಎಷ್ಟು; ಮರಳಿ ಬಂದದ್ದು ಎಷ್ಟು, ಯಾವ ದೋಷದಿಂದ.

ಉಬ್ಬನ್ನು ಅಳೆಯಲು ನೆಟ್ಟಗಿನ ಗಾಜಿನ ಲೋಟವೊಂದರಲ್ಲಿ ಅದೇ ಹಿಟ್ಟನ್ನು ಹಾಕಿ ಗುರುತು ಮಾಡಿಟ್ಟರೆ ಸಾಕು. ಪಿ.ಎಚ್. ಪಟ್ಟಿಗಳು ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುತ್ತವೆ. ದೋಷದ ಕಾಲಮಿನಲ್ಲಿ ‘ಹಾಳು’ ಎಂದು ಬರೆಯಬಾರದು. ಹುಳಿ, ಉಬ್ಬು, ಅಂಟು, ಮುಗ್ಗಲು, ಕಹಿ, ದುರ್ವಾಸನೆ, ಇವುಗಳಲ್ಲಿ ಒಂದನ್ನು ಬರೆಯಬೇಕು.

ಇದರೊಂದಿಗೆ ಪ್ರತಿ ಬ್ಯಾಚಿನ ಒಂದು ಪ್ಯಾಕೆಟ್ಟನ್ನು ಘಟಕದ ಫ್ರಿಜ್ಜಿನಲ್ಲಿಯೇ ಮಾದರಿಯಾಗಿ ಉಳಿಸಿಕೊಳ್ಳಬೇಕು. ದೂರು ಬಂದಾಗ ಮೂರು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳಿಕೊಳ್ಳಬೇಕು.

ಮೊದಲನೆಯದು: ಮಾದರಿ ಪ್ಯಾಕೆಟ್ ಹೇಗಿದೆ? ಅದು ಸರಿಯಾಗಿದ್ದು ಅಂಗಡಿಯದು ಹುಳಿಯಾಗಿದ್ದರೆ ದೋಷವು ದಾರಿಯಲ್ಲಿ ಅಥವಾ ಅಂಗಡಿಯ ಫ್ರಿಜ್ಜಿನಲ್ಲಿದೆ. ರಾತ್ರಿ ಫ್ರಿಜ್ ಆರಿಸುವ ಅಂಗಡಿಗಳೂ ಇರುತ್ತವೆ. ಎರಡೂ ಕೆಟ್ಟಿದ್ದರೆ ದೋಷ ನಮ್ಮಲ್ಲಿಯೇ ಇದೆ.

ಎರಡನೆಯದು: ಆ ಬ್ಯಾಚಿನ ಎಲ್ಲ ಪ್ಯಾಕೆಟ್ಟುಗಳೂ ಕೆಟ್ಟವೇ, ಕೆಲವು ಮಾತ್ರವೇ? ಎಲ್ಲವೂ ಕೆಟ್ಟಿದ್ದರೆ ಕಚ್ಚಾವಸ್ತು, ನೀರು, ಉಷ್ಣಾಂಶ, ಸಮಯಗಳನ್ನು ನೋಡಬೇಕು. ಕೆಲವು ಮಾತ್ರ ಕೆಟ್ಟಿದ್ದರೆ ತುಂಬುವಿಕೆ, ಸೀಲು ಅಥವಾ ಒಂದು ನಿರ್ದಿಷ್ಟ ಪಾತ್ರೆಯನ್ನು ನೋಡಬೇಕು.

ಮೂರನೆಯದು: ಕೆಟ್ಟ ಬ್ಯಾಚಿನ ಸಾಲಿಗೂ ಅದರ ಹಿಂದಿನ ಒಳ್ಳೆಯ ಬ್ಯಾಚಿನ ಸಾಲಿಗೂ ವ್ಯತ್ಯಾಸವೇನು? ಪಾಶ್ಚರ್ ಅವರು ಎರಡು ತೊಟ್ಟಿಗಳನ್ನು ಹೋಲಿಸಿದ್ದೂ ಇದೇ ರೀತಿಯಲ್ಲಿ. ವ್ಯತ್ಯಾಸ ಕಂಡ ಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಬೇಳೆ, ನೀರು, ಸಮಯ ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಕಾರಣ ತಿಳಿಯುವುದಿಲ್ಲ; ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಬಂದೀತು.

ತೆರಿಗೆ ಮತ್ತು ಲೆಕ್ಕದ ದೃಷ್ಟಿ

ಇಡ್ಲಿ-ದೋಸೆ ಹಿಟ್ಟಿನ ಮೇಲಿನ ಜಿ.ಎಸ್.ಟಿ.ಯನ್ನು 2017ರ ನವೆಂಬರಿನಲ್ಲಿ ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ನೋಂದಾಯಿತ ಘಟಕಗಳು ಕೆಟ್ಟ ಸರಕಿನ ವಿಷಯದಲ್ಲಿ ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 17(5)(ಎಚ್) ಕಲಮನ್ನು ಗಮನಿಸಬೇಕು. ಕಳೆದುಹೋದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಸಂಬಂಧಿಸಿದ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಆದರೆ ತಯಾರಿಕೆಯಲ್ಲಿಯೇ ಅಂತರ್ಗತವಾದ ನಷ್ಟವು ಇದಕ್ಕೆ ಒಳಪಡುವುದಿಲ್ಲವೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಉಕ್ಕಿನ ಘಟಕವೊಂದರ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಕ್ಕಿ ತೊಳೆಯುವಾಗ ಹೋದದ್ದು, ಪಾತ್ರೆಗೆ ಅಂಟಿ ಉಳಿದದ್ದು ಸಹಜ ನಷ್ಟ. ಹುಳಿಯಾಗಿ ಮರಳಿ ಬಂದು ಚೆಲ್ಲಿದ್ದು ಬೇರೆ. ಎರಡನ್ನೂ ಬೇರ್ಪಡಿಸಿ ತೋರಿಸಲು ದಾಖಲೆ ಬೇಕು. ನಿಯಮ 56ರ ಪ್ರಕಾರವೂ ನಾಶವಾದ ಸರಕು ಮತ್ತು ತ್ಯಾಜ್ಯದ ವಿವರವು ದಾಸ್ತಾನು ಲೆಕ್ಕದಲ್ಲಿ ಇರಬೇಕು. ರಾಜಿ ತೆರಿಗೆ ಪದ್ಧತಿಯವರಿಗೆ ಇದರಲ್ಲಿ ವಿನಾಯಿತಿ ಇದೆ. ಅಂಗಡಿಯವರಿಗೆ ಕೊಡುವ ಜಮೆಗೆ ಕಲಮು 34ರಂತೆ ಕ್ರೆಡಿಟ್ ನೋಟ್ ಇರಲಿ. ಮುಂದಿನ ಬಿಲ್ಲಿನಲ್ಲಿ ಬಾಯಿಮಾತಿನ ಕಡಿತ ಬೇಡ.

ದಾಸ್ತಾನಿಗೆ ಸಂಬಂಧಿಸಿದ ಲೆಕ್ಕ ಮಾನಕ 2 ಸಹ ಅಸಹಜ ನಷ್ಟವನ್ನು ದಾಸ್ತಾನಿನ ಬೆಲೆಗೆ ಸೇರಿಸದೆ ಆ ಅವಧಿಯ ಖರ್ಚಾಗಿಯೇ ತೋರಿಸಬೇಕೆನ್ನುತ್ತದೆ. ಇದರಲ್ಲಿ ವ್ಯವಹಾರದ ವಿವೇಕವೂ ಇದೆ. ಕೆಟ್ಟ ಹಿಟ್ಟಿನ ವೆಚ್ಚವನ್ನು ಒಳ್ಳೆಯ ಹಿಟ್ಟಿನ ಬೆಲೆಯೊಳಗೆ ಅಡಗಿಸಿದರೆ ‘ತಯಾರಿಕಾ ವೆಚ್ಚ ಏರಿದೆ, ಬೆಲೆ ಏರಿಸಬೇಕು’ ಎಂದು ತೋರುತ್ತದೆ. ಪ್ರತ್ಯೇಕ ಸಾಲಿನಲ್ಲಿ ತೋರಿಸಿದರೆ ಏರಿಸಬೇಕಾದುದು ಬೆಲೆಯಲ್ಲ, ತಗ್ಗಿಸಬೇಕಾದುದು ದೋಷ ಎಂಬುದು ಸ್ಪಷ್ಟವಾಗುತ್ತದೆ.

ಆದುದರಿಂದ ಸದಸ್ಯ ಬಂಧುಗಳಲ್ಲಿ ಈ ಉದ್ಯಮದಲ್ಲಿರುವವರು, ಉಪ್ಪಿನಕಾಯಿ, ಮೊಸರಿನಂತಹ ಇತರ ಹುದುಗುವ ಆಹಾರಗಳನ್ನು ತಯಾರಿಸುವವರು ಕೂಡ, ಬರುವ ತಿಂಗಳ ಮೊದಲ ದಿನದಿಂದ ಒಂದು ಬ್ಯಾಚ್ ಪುಸ್ತಕವನ್ನು ಆರಂಭಿಸಬಹುದು. ಯಂತ್ರ ಬೇಡ, ಕಂಪ್ಯೂಟರೂ ಬೇಡ. ಗೆರೆ ಹಾಕಿದ ಒಂದು ರಿಜಿಸ್ಟರ್, ಗೋಡೆಗೆ ಒಂದು ಉಷ್ಣಮಾಪಕ, ದಿನಕ್ಕೆ ಹತ್ತು ನಿಮಿಷ ಸಾಕು. ಬೇಸಿಗೆ, ಮಳೆಗಾಲ, ಚಳಿಗಾಲ ಮೂರೂ ಕಳೆದ ಮೇಲೆ ಆ ಪುಸ್ತಕವು ತಮ್ಮ ಘಟಕಕ್ಕೇ ಸಲ್ಲುವ ವೇಳಾಪಟ್ಟಿಯಾಗಿರುತ್ತದೆ. ವರ್ಷಾಂತ್ಯದಲ್ಲಿ ಲೆಕ್ಕ ಪರಿಶೋಧಕರು ವಾಪಸಾತಿಯ ಮೊತ್ತಕ್ಕೆ ಕಾರಣ ಕೇಳಿದಾಗ ಉತ್ತರವೂ ಅದರಲ್ಲಿಯೇ ಇರುತ್ತದೆ.